ಗಾಳಿ ಮಿತವಾದಲ್ಲಿ

ನವೆಂಬರ್ ೪, ಸೋಮವಾರ

ಕೆಲಸ ಸಿಕ್ಕಿತು. ಕಾವ್ಯಮೀಮಾಂಸೆಯಲ್ಲಿ ಮೊದಲ ದರ್ಜೆ ಪಡೆದವಳಿಗೆ ಗ್ಯಾಸ್ ಬಾಯ್ಲರು, ಗೀಸರು ಮಾರುವ ಕಂಪನಿಯಲ್ಲಿ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೆ ತಿರುಗದ ಫ್ಯಾನು. ಚಳಿಗಾಲವಾದ್ದರಿಂದ ತಿರುಗದಿರುವುದನ್ನು ಯಾರೂ ದೋಷವೆಂದು ಎಣಿಸಿಲ್ಲ.

ಯಜಮಾನರು ಕೇಳಿದ್ದು ಎರಡೇ ಪ್ರಶ್ನೆ. "ಕಾಗುಣಿತ ತಪ್ಪಿಲ್ಲದೆ ಬರೀತೀರೇನಮ್ಮಾ?" ತಲೆಯಾಡಿಸಿದೆ. "ಮಾತು ಬರುತ್ತಾ?" ಅದಕ್ಕೂ ತಲೆಯಾಡಿಸಿದೆ. ಅವರು ನಕ್ಕು, ನಾಳೆಯಿಂದ ಬನ್ನಿ ಅಂದರು.

ಮಾರಾಟವಾದ ಪ್ರತಿಯೊಂದರ ಜೊತೆಗೂ ಒಂದು ಹಾಳೆಯ ಸುರಕ್ಷತಾ ಸೂಚನೆ ಕೊಡಬೇಕಂತೆ. ವಿಷಯ ಕೆಮಿಸ್ಟ್ ಮೇಡಂ ಅವರದು, ಭಾಷೆ ನನ್ನದು. ಇದುವರೆಗೆ ಎರಡೂ ಮೇಡಂ ಅವರದೇ ಆಗಿತ್ತು. ಗಿರಾಕಿಯೊಬ್ಬರು ಫೋನ್ ಮಾಡಿ "ಇದು ಯಾವ ಭಾಷೇಲಿದೆ?" ಎಂದು ಕೇಳಿದ ಮೇಲೆ ನನಗಾಗಿ ಜಾಹೀರಾತು ಹಾಕಿದರು.

ಅಕ್ಕನಿಗೆ ಹೇಳಿದೆ. ಭಾವನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಪುಟ್ಟ ಗ್ಯಾಸ್ ಬಾಯ್ಲರಿನ ಪಕ್ಕ, ದಿನವಿಡೀ ಆವಿ ಇಸ್ತ್ರಿ ಹಿಡಿದು ನಿಲ್ಲುವವಳು ಅವಳು. ಅಂಗಡಿಯ ಮಹಡಿಯ ಮೇಲೆ ನಮ್ಮ ಮೂವರ ವಾಸ.

"ಅಲ್ವೇ, ಅಷ್ಟೆಲ್ಲಾ ಓದಿ ಕೊನೆಗೆ ಬಾಯ್ಲರ್ ಹತ್ರ ಬಂದ್ಯಾ?" ಅಂದಳು. "ನನ್ನ ನೋಡು, ಏನೂ ಓದದೆ ನೇರವಾಗಿ ಬಂದೆ."

ನವೆಂಬರ್ ೬, ಬುಧವಾರ

ಮೇಡಂ ನನಗೆ ಬೆಂಕಿಯ ಪಾಠ ಮಾಡಿದರು. ಬರ್ನರ್ ಹಚ್ಚಿ, ನೀಲಿ ಉರಿಯ ಮೇಲೆ ತಣ್ಣನೆಯ ಗಾಜಿನ ಲೋಟ ಬೋರಲು ಹಿಡಿದರು. ಲೋಟದ ಒಳಗೆಲ್ಲ ಮಂಜು ಕವಿಯಿತು.

"ಏನಿದು?"

ಬೆವರು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

"ನೀರು ಕಣ್ರೀ. ಬೆಂಕಿ ಮಾಡಿದ ನೀರು. ಗ್ಯಾಸ್‌ನಲ್ಲಿರೋ ಜಲಜನಕ ಗಾಳೀಲಿರೋ ಆಮ್ಲಜನಕ ಸೇರಿದ್ರೆ ನೀರು. ಇಂಗಾಲ ಎರಡು ಆಮ್ಲಜನಕ ಹಿಡ್ಕೊಂಡ್ರೆ ಕಾರ್ಬನ್ ಡೈಆಕ್ಸೈಡ್. ಅಷ್ಟೇ, ಮುಗೀತು, ಎಲ್ಲಾ ಉರೀತು."

ಬೆಂಕಿಯ ಮಗಳು ನೀರು! ಮೂರು ವರ್ಷ ಅಲಂಕಾರಶಾಸ್ತ್ರ ಓದಿದ ನನಗೆ ಯಾರೂ ಇದನ್ನು ಹೇಳಿರಲಿಲ್ಲ.

ಆಮೇಲೆ ಬರ್ನರಿನ ಬುಡದಲ್ಲಿ ಗಾಳಿ ಹೋಗುವ ಕಿಂಡಿಯನ್ನು ತೋರಿಸಿ, ಅದರ ಮೇಲಿನ ತಗಡಿನ ಮುಚ್ಚಳವನ್ನು ತಿರುಗಿಸಿದರು. ಕಿಂಡಿ ಮುಚ್ಚಿತು. ಉರಿ ಹಳದಿಯಾಗಿ, ಉದ್ದವಾಗಿ, ಸೆರಗು ಬೀಸಿದಂತೆ ತೂಗಾಡತೊಡಗಿತು. ನನಗೆ ನೀಲಿಗಿಂತ ಇದೇ ಚೆಂದ ಕಂಡಿತು. ಮೇಡಂ ಅದಕ್ಕೊಂದು ಚಮಚ ಹಿಡಿದರು. ಚಮಚ ಕಪ್ಪಾಯಿತು.

"ಗಾಳಿ ಸಾಲದಿದ್ರೆ ಇಂಗಾಲಕ್ಕೆ ಎರಡು ಸಿಗಲ್ಲ, ಒಂದೇ ಸಿಗುತ್ತೆ. ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಅಂಟಿಕೊಂಡ್ರೆ ಬೇಗ ಬಿಡಲ್ಲ."

"ನನಗೆ ವಾಸನೆ ಬರುತ್ತೆ ಮೇಡಂ," ಎಂದರು ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್. ಇವರನ್ನು ಎಲ್ಲರೂ ಮೂಗಣ್ಣ ಅನ್ನುತ್ತಾರೆ. ಎಲ್ಲಿ ಗ್ಯಾಸ್ ಸೋರಿದರೂ ಮೂಗಿನಲ್ಲೇ ಪತ್ತೆ ಹಚ್ಚುತ್ತಾರಂತೆ.

"ಅದಕ್ಕೆ ವಾಸನೆ ಇಲ್ಲಾರೀ!"

"ನಿಮಗೆ ಇಲ್ಲ ಮೇಡಂ."

ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ: ಜೊತೆ ಸಿಗದ ಇಂಗಾಲ. ವಿರಹ.

ನವೆಂಬರ್ ೮, ಶುಕ್ರವಾರ

ಇಡೀ ದಿನ ಒಂದು ವಾಕ್ಯ.

ಮೇಡಂ ಕೊಟ್ಟ ಕರಡು ಹೀಗಿತ್ತು: "ಗಾಳಿ ಸಾಕಷ್ಟಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತೆ. ಗಾಳಿ ಸಾಲದಿದ್ದರೆ ಪೂರ್ತಿ ಉರಿಯಲ್ಲ, ಕೆಟ್ಟದ್ದು." ಸಂತೆಯಲ್ಲಿ ತರಕಾರಿ ಆರಿಸುವವರ ಮಾತಿನಂತಿದೆ. 'ಕೆಟ್ಟದ್ದು' ಎಂಬ ಪದವನ್ನು ಮೊದಲು ತೆಗೆದೆ. ಎಲ್ಲವನ್ನೂ ನಾವೇ ಹೇಳಿಬಿಟ್ಟರೆ ಓದುವವರಿಗೆ ಉಳಿಯುವುದೇನು? 'ಸಾಲದಿದ್ದರೆ' ಎಂಬುದು ದೂರಿನ ಹಾಗೆ ಕೇಳುತ್ತದೆ. ಅದಕ್ಕೆ 'ಮಿತ' ತಂದೆ. ಸಂಜೆ ನಾಲ್ಕರ ಹೊತ್ತಿಗೆ ಎರಡು ಪಾದಗಳೂ ಸಮವಾದವು:

ಗಾಳಿ ಯಥೇಚ್ಛವಾದಲ್ಲಿ ಸಂಪೂರ್ಣ ದಹನ. ಗಾಳಿ ಮಿತವಾದಲ್ಲಿ ಅಪೂರ್ಣ ದಹನ.

ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮೇಡಂಗೆ ಜೋರು ನೆಗಡಿ. ಕರವಸ್ತ್ರದೊಳಗಿಂದಲೇ "ವಿಷಯ ಸರಿಯಾಗೇ ಇದೆ" ಎಂದು ಸಹಿ ಹಾಕಿದರು.

ನವೆಂಬರ್ ೧೫, ಶುಕ್ರವಾರ

ಅಚ್ಚಾಯಿತು! ಬಿಸಿ ಕಾಗದದ ವಾಸನೆ. ಮೂಗಣ್ಣ ಮೂಸಿ ನೋಡಿ "ಮಸಿ ಒಣಗಿಲ್ಲ" ಅಂದರು.

ನಾಚುತ್ತಲೇ ಒಂದು ಪ್ರತಿ ಮನೆಗೆ ತಂದೆ. ಭಾವ ಕೌಂಟರಿನ ಮೇಲೆ ಹರಡಿಕೊಂಡು ಮೂರು ಸಲ ಓದಿದರು. ಮೂರನೆಯ ಸಲ ಬೆರಳಿಟ್ಟು ಓದಿದರು. ಆಮೇಲೆ ಬಟ್ಟೆಗೆ ಹಾಕುವ ಗಂಜಿಯನ್ನೇ ಸವರಿ ಹಿಂದಿನ ಕೋಣೆಯ ಗೋಡೆಗೆ, ಬಾಯ್ಲರಿನ ನೇರ ಮೇಲೆ ಅಂಟಿಸಿದರು.

"ನಮ್ಮ ಪುಟ್ಟಿ ಬರೆದ ಮೇಲೆ ಮುಗೀತು," ಎಂದು ಬಗ್ಗಿ ಬಾಯ್ಲರಿನ ಬುಡದಲ್ಲಿ ಏನನ್ನೋ ತಿರುಗಿಸಿದರು. ಎದ್ದು ಹಿಂದಿನ ಕಿಟಕಿಯನ್ನೂ ಎಳೆದು ಹಾಕಿದರು.

"ಬಿಸಿಗಾಳಿ ಹೋಗೋಕೆ ಇರೋದೇ ಅದೊಂದು ಕಿಟಕಿ," ಅಂದಳು ಅಕ್ಕ.

"ಚಳಿಗೂ ಆಯ್ತು, ನಿಯಮಕ್ಕೂ ಆಯ್ತು. ಸುಮ್ನಿರು."

ನನ್ನ ಬರಹವನ್ನು ನನ್ನೆದುರೇ ಒಬ್ಬರು ಪಾಲಿಸುವುದನ್ನು ನೋಡುವುದು ಸಂಕೋಚದ ಕೆಲಸ. ಮಹಡಿಗೆ ಓಡಿಬಿಟ್ಟೆ.

ನವೆಂಬರ್ ೧೮, ಸೋಮವಾರ

ಅಕ್ಕನಿಗೆ ತಲೆನೋವು. ಹಾಗಾಗಿ ಅಡುಗೆ ನನ್ನ ತಲೆಗೆ. ಅನ್ನ ತಳ ಹಿಡಿಯಿತು. "ಇದು ಸಂಪೂರ್ಣ ದಹನವೋ ಅಪೂರ್ಣವೋ?" ಎಂದು ಭಾವ ಕೇಳಿದರು. ಅವರಿಗೆ ವಾಕ್ಯ ಬಾಯಿಪಾಠವಾಗಿದೆ. ನನಗೆ ಒಳಗೊಳಗೇ ಖುಷಿ.

ನವೆಂಬರ್ ೨೪, ಭಾನುವಾರ

ಅಂಗಡಿಗೆ ರಜೆ. ವಾರವೆಲ್ಲ ತಲೆ ಹಿಡಿದುಕೊಂಡು ಕೂತಿದ್ದ ಅಕ್ಕ ಇವತ್ತು ಬೆಳಗ್ಗೆ ಎದ್ದು ಹಾಡಿಕೊಂಡು ಮನೆ ಒರೆಸಿದಳು. ಮಧ್ಯಾಹ್ನ ನನ್ನ ಜಡೆ ಹಿಡಿದೆಳೆದು ಜಗಳವಾಡಿದಳು.

"ಕೆಲಸದ ದಿನ ಮಾತ್ರ ಬರೋ ತಲೆನೋವು ನೋಡು, ಎಷ್ಟು ತಿಳುವಳಿಕೆಯದು," ಎಂದೆ. ಮನೆಯವರ ಮುಂದೆ ನನಗೆ ವ್ಯಂಗ್ಯ ಸಲೀಸಾಗಿ ಬರುತ್ತದೆ. ಹೊರಗೆ ಹೋದರೆ ತರಕಾರಿಯವನ ಹತ್ತಿರ "ಇದು ಕೊಳೆತಿದೆ" ಎನ್ನಲೂ ಬಾಯಿ ಏಳುವುದಿಲ್ಲ.

ನವೆಂಬರ್ ೨೫, ಸೋಮವಾರ

ಮಧ್ಯಾಹ್ನ ಅಕ್ಕ ಇಸ್ತ್ರಿ ಮೇಜಿನ ಹತ್ತಿರವೇ ವಾಂತಿ ಮಾಡಿಕೊಂಡಳಂತೆ. ಗಿರಾಕಿ ಹೆಂಗಸೊಬ್ಬರು ನೋಡಿ ಭಾವನ ಕಡೆ ತಿರುಗಿ ಮುಗುಳ್ನಕ್ಕರಂತೆ. ಅಷ್ಟೇ ಸಾಕಾಯಿತು. ಮದುವೆಯಾಗಿ ನಾಲ್ಕು ವರ್ಷ. ಭಾವ ಸಂಜೆ ದಾಳಿಂಬೆ, ಕಿತ್ತಳೆ, ಸೇಬು ತಂದು ಮೇಜಿನ ಮೇಲೆ ಸುರಿದು, ಯಾವುದನ್ನು ಮೊದಲು ಸುಲಿಯಬೇಕೆಂದು ತಿಳಿಯದೆ ನಿಂತರು.

"ಏನ್ರೀ ಇದು, ಅಂಗಡಿ ಮುಚ್ಚಿ ಹಣ್ಣಿನ ವ್ಯಾಪಾರಾನಾ?" ಎಂದಳು ಅಕ್ಕ. ಆದರೆ ಅವಳ ಮುಖವೂ ಅರಳಿತ್ತು. ದಾಳಿಂಬೆ ಬಿಡಿಸುತ್ತಾ, ಇಸ್ತ್ರಿ ಮಾಡಿದ ಅಂಗಿಯನ್ನೇ ಇವತ್ತು ಎರಡು ಸಲ ಇಸ್ತ್ರಿ ಮಾಡಿದೆನೆಂದು ಹೇಳಿಕೊಂಡು ನಕ್ಕಳು. ಮರೆವೂ ಒಂದು ಲಕ್ಷಣವಂತೆ. ಹಾಗೆಂದು ಆ ಗಿರಾಕಿ ಹೇಳಿದರಂತೆ.

ಹುಟ್ಟುವ ಮಗುವಿಗೆ ನಾನು ಹೆಸರು ಹುಡುಕುತ್ತಿದ್ದೇನೆ.

ನವೆಂಬರ್ ೨೭, ಬುಧವಾರ

ಮಗುವಿಲ್ಲ. ನಿನ್ನೆ ಪರೀಕ್ಷೆ ಮಾಡಿಸಿದರು. ಡಾಕ್ಟರು ರಕ್ತ ಕಡಿಮೆ ಇರಬಹುದೆಂದು ಟಾನಿಕ್ ಬರೆದುಕೊಟ್ಟು ಕಳಿಸಿದ್ದಾರೆ. ಅಕ್ಕ ಅಳಲಿಲ್ಲ. ಹಣ್ಣುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಪಕ್ಕದ ಮನೆಗೆ ಕೊಟ್ಟು ಬಂದಳು.

ಆಫೀಸಿನಲ್ಲಿ ಎರಡನೆಯ ಹಾಳೆಯ ಕೆಲಸ: ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋದರೆ ಕಾಣುವ ಲಕ್ಷಣಗಳು. ತಲೆನೋವು, ವಾಕರಿಕೆ, ಮರೆವು, ಸುಸ್ತು. ಹೊರಗೆ ಹೋದರೆ ಕಡಿಮೆಯಾಗುವುದು. 'ವಾಕರಿಕೆ'ಯೋ 'ಓಕರಿಕೆ'ಯೋ ಎಂದು ನಿಘಂಟು ತಿರುವುತ್ತಾ ಅರ್ಧ ದಿನ ಹೋಯಿತು. ಎರಡೂ ಸರಿಯಂತೆ.

ಸಂಜೆ ಕರಡನ್ನು ಅಕ್ಕ ಕಸಿದುಕೊಂಡು ಜೋರಾಗಿ ಓದಿದಳು. "ಇದೇನೇ, ನನ್ನ ಬಗ್ಗೆನೇ ಬರೆದಿದ್ದೀಯಾ?"

ಒಳ್ಳೆಯ ಬರಹ ಓದಿದಾಗ ಎಲ್ಲರಿಗೂ ಹಾಗೇ ಅನಿಸುತ್ತದೆ ಎಂದೆ.

ನವೆಂಬರ್ ೨೮, ಗುರುವಾರ

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಉಸಿರಾಡುತ್ತಿದ್ದಾಳೆ.

ನವೆಂಬರ್ ೨೯, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಹನ್ನೊಂದು ಗಂಟೆಗೆ ಮೇಡಂ ಲಕ್ಷಣಗಳ ಹಾಳೆ ನೋಡುತ್ತಿದ್ದರು. "'ಹೊರಗೆ ಹೋದರೆ ಕಡಿಮೆಯಾಗುವುದು' ಅಂದ್ರೆ ಜನಕ್ಕೆ ತಿಳಿಯಲ್ಲ. ಒಂದು ಉದಾಹರಣೆ ಕೊಡಿ," ಎಂದರು. ನಾನು ಹೇಳತೊಡಗಿದೆ: "ಉದಾಹರಣೆಗೆ, ವಾರವೆಲ್ಲ ತಲೆನೋವು ಇದ್ದವರು ಭಾನುವಾರ ಅಂಗಡಿ ಮುಚ್ಚಿದಾಗ..."

ಅಲ್ಲಿಗೆ ನಿಂತೆ. ಮೇಡಂ ತಲೆಯೆತ್ತಿ ನೋಡಿದರು. "ಯಾವ ಅಂಗಡಿ?" ಎಂದು ಕೇಳುವಷ್ಟರಲ್ಲಿ ನಾನು ಮೆಟ್ಟಿಲಲ್ಲಿದ್ದೆ.

ನಾನು ಕೂಗಿದ್ದು ಕೇಳಿ ಮೂಗಣ್ಣ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರು ಎತ್ತಿಕೊಂಡು ಸ್ಕೂಟರ್ ತೆಗೆದರು. ಲಾಂಡ್ರಿ ತಲುಪಿದಾಗ ಭಾವ ಮುಂದೆ ಕೌಂಟರಿನಲ್ಲಿ ಬಟ್ಟೆಗೆ ಚೀಟಿ ಅಂಟಿಸುತ್ತಿದ್ದರು. "ಏನ್ ಪುಟ್ಟಿ, ಇಷ್ಟು ಬೇಗ?"

ಹಿಂದಿನ ಕೋಣೆಯ ಬಾಗಿಲು ತಳ್ಳಿದೆ. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಬಾಯ್ಲರಿನ ಉರಿ ಹಳದಿ. ಅಕ್ಕ ಮೇಜಿನ ಕೆಳಗೆ, ಮಡಿಸಿದ ಅಂಗಿಗಳ ಮೇಲೆ ಕೆನ್ನೆಯಿಟ್ಟು ಬಿದ್ದಿದ್ದಳು.

ಮೂಗಣ್ಣ ಗಾಳಿ ಎಳೆದುಕೊಂಡು "ಏನೂ ವಾಸನೆ ಇಲ್ವಲ್ಲಾ" ಎಂದರು. ಅವರ ಕೈಯಲ್ಲಿದ್ದ ಮೀಟರು ಕೂಗತೊಡಗಿತು. ಮುನ್ನೂರ ಎಂಬತ್ತು; ಐವತ್ತು ದಾಟಿದರೇ ಅಪಾಯ. ಅವರು ಮೂಗು ಮುಚ್ಚಿಕೊಂಡರು. ಆಮೇಲೆ ಅದರಿಂದ ಪ್ರಯೋಜನವಿಲ್ಲವೆಂದು ಹೊಳೆದು, ಗ್ಯಾಸ್ ನಿಲ್ಲಿಸಿ, ಇಸ್ತ್ರಿ ಪೆಟ್ಟಿಗೆಯಿಂದಲೇ ಕಿಟಕಿಯ ಗಾಜು ಒಡೆದರು. ನಾನೂ ಭಾವನೂ ಅಕ್ಕನನ್ನು ರಸ್ತೆಗೆ ಎಳೆದುಕೊಂಡು ಬಂದೆವು. ಭಾರವಿದ್ದಳು.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಮೂಗಣ್ಣ ಭಾವನನ್ನು ಕೇಳಿದರು. "ಗಾಳಿ ಕಿಂಡಿ ಯಾಕೆ ಸಾರ್ ಮುಚ್ಚಿದ್ರಿ? ಆ ಕಿಟಕಿ ಬೇರೆ?"

ಭಾವ ನನ್ನನ್ನು ನೋಡಿದರು. ಬೈಯುವ ನೋಟವಲ್ಲ. ಲೆಕ್ಕ ತಪ್ಪಿದ ಹುಡುಗ ಟೀಚರನ್ನು ನೋಡುವ ಹಾಗೆ. "ಗಾಳಿ ಜಾಸ್ತಿಯಾದ್ರೆ ಸಂಪೂರ್ಣ ದಹನ ಅಂತ ಬರೆದಿತ್ತಲ್ಲಾ. ಸಂಪೂರ್ಣ ದಹನ ಅಂದ್ರೆ ಎಲ್ಲಾ ಸುಟ್ಟು ಬೂದಿ ಆಗೋದಲ್ವಾ? ಅಂಗಡಿ ತುಂಬ ಜನರ ಬಟ್ಟೆ ಇದೆ. ಅದಕ್ಕೇ ಮಿತವಾಗಿರಲಿ ಅಂತ."

ಮಿತ. ಊಟ ಮಿತ, ಮಾತು ಮಿತ, ಖರ್ಚು ಮಿತ. ನಮ್ಮ ಭಾಷೆಯಲ್ಲಿ ಮಿತವಾಗಿದ್ದು ಕೆಟ್ಟದ್ದು ಯಾವುದಿದೆ?

ಇವತ್ತು ಬೆಳಗ್ಗೆ ಯಜಮಾನರ ಕೋಣೆಗೆ ಹೋದೆ. ಹಂಚಿದ ಹಾಳೆಗಳು ಎಷ್ಟು ಎಂದು ಕೇಳಿದೆ. ಇನ್ನೂರ ಹದಿನೇಳು ಮನೆ, ಅಂಗಡಿ. ಇವತ್ತೇ ಎಲ್ಲ ಕಡೆ ಹೋಗಬೇಕೆಂದೆ.

"ಗಾಬರಿ ಆಗ್ಬೇಡಿ. ಮುದ್ರಣ ದೋಷ ಅಂತ ಒಂದು ತಿದ್ದುಪಡಿ ಚೀಟಿ ಅಂಚೇಲಿ ಕಳಿಸೋಣ."

"ಮುದ್ರಣ ದೋಷ ಅಲ್ಲ ಸಾರ್. ನಾನು ಬರೆದದ್ದು."

"ನಿಮಗೇ ಒಳ್ಳೇದಾಗಲಿ ಅಂತ ಹೇಳ್ತಿದ್ದೀನಮ್ಮಾ."

"ಅಂಚೆ ತಲುಪೋಕೆ ನಾಲ್ಕು ದಿನ. ಅಷ್ಟರಲ್ಲಿ ಅವರೆಲ್ಲ ನಾಲ್ಕು ಸಲ ಸ್ನಾನ ಮಾಡ್ತಾರೆ. ಬಾಗಿಲು ಹಾಕ್ಕೊಂಡು."

ಮೇಡಂ ನನ್ನ ಹಿಂದೆ ಬಂದು ನಿಂತಿದ್ದರು. "ಸಹಿ ನಂದು," ಎಂದರು. "ಇವರ ಜೊತೆ ನಾನೂ ಹೋಗ್ತೀನಿ." ಯಜಮಾನರು ಇಬ್ಬರನ್ನೂ ನೋಡಿ, ವಿಳಾಸಗಳ ಪಟ್ಟಿಯನ್ನೂ ಫೋನನ್ನೂ ಮೇಜಿನ ಮೇಲೆ ನಮ್ಮ ಕಡೆ ಸರಿಸಿದರು.

ಫೋನ್ ನಂಬರ್ ಇದ್ದವರು ನೂರ ಐವತ್ತೆಂಟು ಜನ. ಸಂಜೆಯವರೆಗೆ ಮಾತಾಡಿದೆ. ನಂಬರ್ ಇಲ್ಲದವರು ಉಳಿದಿದ್ದಾರೆ.

ಡಿಸೆಂಬರ್ ೧, ಭಾನುವಾರ

ಅಕ್ಕನ ಮುಖವಾಡ ತೆಗೆದಿದ್ದಾರೆ. ಮೊದಲು ಕೇಳಿದ್ದು, "ಅಂಗಿಗಳು ಮುದುರಿಹೋದ್ವಾ?" ಗುರುವಾರದ್ದು ಏನೂ ನೆನಪಿಲ್ಲ.

ನಾನೇ ಹೇಳಿದೆ. ವಾಕ್ಯವನ್ನೂ ಹೇಳಿದೆ.

"ಅಂತೂ ಮಿತವಾಗಿ ಸಾಯಿಸೋಕೆ ಹೊರಟಿದ್ದೆ."

ನಾನು ಅತ್ತೆ. ಅವಳಿಗೆ ಸಿಟ್ಟು ಬಂತು. "ಅಳೋದಾದ್ರೆ ಆಚೆ ಹೋಗಿ ಅಳು. ಮೊದಲು ಹೇಳು, ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೆ?"

ನಿನ್ನೆ ಮೂವತ್ತಮೂರು ಕಡೆ ಹೋದೆವು. ಏಳು ಕಡೆ ಕಿಂಡಿ ಮುಚ್ಚಿತ್ತು. ಒಂದು ಬೇಕರಿಯವರು "ಹಳದಿ ಉರಿ ಬಂಗಾರದ ಹಾಗಿದೆ, ಬಿಡಿ" ಎಂದರು. ಕೆಲಸದವರಿಗೆ ತಲೆನೋವು ಬರುತ್ತದೆಯೇ ಎಂದು ಕೇಳಿದೆ. "ದಿನಾ ಬರುತ್ತೆ, ಎಲ್ಲಾ ನಾಟಕ," ಎಂದರು. ಅಲ್ಲೇ ಬಾಗಿಲಲ್ಲಿ ನಿಂತು, ಅವರು ಬರ್ನರ್ ಆರಿಸುವವರೆಗೆ ಹೋಗಲ್ಲ ಎಂದೆ. ಸಾಲಿನಲ್ಲಿದ್ದ ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಆರಿಸಿದರು.

ಇವತ್ತು ಮೇಡಂ ಮತ್ತು ಮೂಗಣ್ಣ ಹದಿನಾರು ಕಡೆ ಹೋಗಿ ಬಂದರು. ಹತ್ತು ಉಳಿದಿವೆ.

ಡಿಸೆಂಬರ್ ೨, ಸೋಮವಾರ

ಆಸ್ಪತ್ರೆಯಲ್ಲಿ ಹೊಸ ಹಾಳೆ ಬರೆದೆ. ಒಂದೊಂದು ವಾಕ್ಯವನ್ನೂ ಅಕ್ಕನಿಗೆ ಓದಿ ಹೇಳುವುದು, ಅವಳು ಅದನ್ನು ಬೇಕೆಂದೇ ತಪ್ಪಾಗಿ ತಿಳಿಯುವುದು. "ಕಿಟಕಿ ತೆರೆದಿಡಿ" ಎಂದರೆ "ಯಾವ ಕಿಟಕಿ, ಅಡುಗೆ ಮನೇದಾ?" "ಉರಿ ನೀಲಿ ಇರಬೇಕು" ಎಂದರೆ "ಇಲ್ದಿದ್ರೆ? ಬಣ್ಣ ಹೊಡೀಬೇಕಾ?" ಭಾವ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವರು ನಾಲ್ಕು ದಿನದ ಮೇಲೆ ಇವತ್ತು ನಕ್ಕರು.

ಒಂಬತ್ತನೆಯ ಕರಡಿಗೆ ಅವಳು ಸೋತಳು. "ಎಷ್ಟು ಒದ್ದಾಡಿದ್ರೂ ತಪ್ಪು ತಿಳ್ಕೊಳ್ಳೋಕೆ ಆಗ್ತಿಲ್ಲ ಕಣೇ. ಓದೋಕೆ ಮಾತ್ರ ಏನೂ ಚೆನ್ನಾಗಿಲ್ಲ."

ಅಚ್ಚಿಗೆ ಕಳಿಸಿದೆ.

ಡಿಸೆಂಬರ್ ೩, ಮಂಗಳವಾರ

ಉಳಿದ ಹತ್ತರಲ್ಲಿ ಮೂರನೆಯ ಮನೆ ನಿವೃತ್ತ ಮೇಷ್ಟ್ರದ್ದು. ನಾನೂ ಮೂಗಣ್ಣನೂ ಹೋದೆವು. ಬಾಗಿಲು ತೆಗೆದವರು, ನಾನು ಬಂದ ಕಾರಣ ಪೂರ್ತಿ ಹೇಳುವ ಮೊದಲೇ ಕೈಯೆತ್ತಿದರು.

"ಆ ಹಾಳೆನಾ? ಕೂತ್ಕೊಳ್ಳಿ ಕೂತ್ಕೊಳ್ಳಿ. ಮೂವತ್ತಾರು ವರ್ಷ ಮಕ್ಕಳ ವಾಕ್ಯ ತಿದ್ದಿದ್ದೀನಮ್ಮಾ. ಇಂಥ ಒಂದು ವಾಕ್ಯ ಸಿಗಲಿಲ್ಲ." ಕಣ್ಣು ಮುಚ್ಚಿ, ಎರಡು ಪಾದಗಳ ನಡುವೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಪೂರ್ತಿ ಹೇಳಿದರು. "ಯಾರೋ ಬಲ್ಲವರು ಬರೆದದ್ದು. ಏನು ತೂಕ, ಏನು ಸಂಯಮ!"

ನನ್ನ ಬರಹವನ್ನು ಹೀಗೆ ಯಾರೂ ಓದಿರಲಿಲ್ಲ.

ಮೂಗಣ್ಣ ಬಚ್ಚಲಿನತ್ತ ಹೋಗಿದ್ದರು. ಅಲ್ಲಿಂದ ಕೂಗಿದರು, "ಗೀಸರು ಉರೀತಾ ಇದೆ. ಬೆಳಕಿಂಡಿಗೆ ರಟ್ಟು ಹೊಡೆದಿದ್ದಾರೆ. ನೂರ ನಲವತ್ತು ತೋರಿಸ್ತಿದೆ, ಏರ್ತಾ ಇದೆ."

"ಸಾರ್, ಆ ವಾಕ್ಯ ತಪ್ಪು," ಎಂದೆ. "ಗಾಳಿ ಕಡಿಮೆ ಆಗಬಾರದು. ಕಡಿಮೆ ಆದ್ರೆ ಸಾಯ್ತಾರೆ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಬರೆದವರಿಗಿಂತ ನಿಮಗೆ ಜಾಸ್ತಿ ಗೊತ್ತೇನಮ್ಮಾ?"

"ಬರೆದವಳು ನಾನೇ. ನನಗೆ ಗೊತ್ತಿರಲಿಲ್ಲ."

ಅವರು ನಂಬಲಿಲ್ಲ. ನನ್ನ ಚಪ್ಪಲಿಯಿಂದ ಹಿಡಿದು ನೋಡಿದರು. "'ಮಿತ' ಅನ್ನೋ ಪದ ಅಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ? ಅದನ್ನ ತೆಗೆದ್ರೆ..."

"ಗೊತ್ತು ಸಾರ್. ಒಂದಿಡೀ ದಿನ ಕೂತು ಕೂರಿಸಿದ್ದು."

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. ಹೆಗಲ ಮೇಲೆ ಟವಲು, ಕೈಯಲ್ಲಿ ಸೋಪಿನ ಡಬ್ಬಿ, ಹಣೆ ಹಿಡಿದುಕೊಂಡಿದ್ದರು. ಬಚ್ಚಲಲ್ಲಿ ಮೂಗಣ್ಣ ರಟ್ಟು ಕೀಳುವ ಸದ್ದು. ಮೇಷ್ಟ್ರು ಹೆಂಡತಿಯ ಹಣೆಯ ಮೇಲಿದ್ದ ಕೈಯನ್ನು ನೋಡಿದರು.

"ಏನ್ರೀ ಇದು ವ್ಯಾಕರಣ, ಬೆಳಬೆಳಗ್ಗೆ?" ಎಂದರು ಆಕೆ. ಆಮೇಲೆ ನನ್ನತ್ತ ತಿರುಗಿ, "ನೀನು ಹೇಳಮ್ಮಾ. ನಾನು ಸ್ನಾನಕ್ಕೆ ಹೋಗ್ಲೋ ಬೇಡ್ವೋ?"

"ಬೇಡ," ಎಂದೆ.